ಚಿಕ್ಕ ಮಕ್ಕಳಿಗೆ ದ್ರವಗಳ ಅಳತೆಯನ್ನು ಕಲಿಸುವ ಬಗೆ

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರ ಮನೆಗಳಲ್ಲಿ ಈ ಪ್ರಸಂಗವು ನಡೆಯದೆ ಇರಲಾರದು: ಅಕ್ಕನಿಗೆ ಉದ್ದನೆಯ ಲೋಟದಲ್ಲಿಯೂ ತಂಗಿಗೆ ಅಗಲವಾದ ಬಟ್ಟಲಿನಲ್ಲಿಯೂ ಸಮನಾಗಿ ಹಾಲನ್ನು ಕೊಟ್ಟರೆ, “ಅಕ್ಕನಿಗೇ ಹೆಚ್ಚು” ಎಂದು ತಂಗಿಯು ಅಳುವಳು. ಅದು ಹಟವೆಂದೆಣಿಸಿ ತಾಯಿಯು ಗದರಿಸುವಳು.

ಆ ತಾಯಿಯನ್ನು ನಾನು ದೂಷಿಸಲಾರೆನು. ತರಬೇತಿಯನ್ನು ಮುಗಿಸಿ ಒಂದನೆಯ ತರಗತಿಯನ್ನು ವಹಿಸಿಕೊಂಡ ವರ್ಷ, ಎರಡು ಸಮವಾದ ಲೋಟಗಳಲ್ಲಿ ಸಮವಾಗಿ ನೀರನ್ನು ತುಂಬಿ, ಒಂದರ ನೀರನ್ನು ತೆಳ್ಳನೆಯ ಸೀಸೆಗೆ ಸುರಿದು, ಹೆಚ್ಚು ಯಾವುದರಲ್ಲಿದೆಯೆಂದು ಕೇಳಿದೆನು. 6 ವರ್ಷದ ಬಾಲಿಕೆಯೊಬ್ಬಳು ಸೀಸೆಯನ್ನು ತೋರಿಸಿದಳು. ಮೂರು ಸಾರಿ ಕೇಳಿದರೂ ಅದನ್ನೇ ತೋರಿಸಿದಳು. ಗಮನವಿಲ್ಲದವಳೆಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರ ಹೆಸರನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನು. ಆದರೆ ಬೆಂಚಿನ ಮೇಲೆ ನಿಂತ ಮಗುವಿಗೂ ಆ ಹೆಸರಿಗೂ ಸಂಬಂಧವುಂಟೆಂದು ಆಗ ತೋಚಲಿಲ್ಲ.

ಪಿಯಾಜೆಯವರು ಅಲೀನಾ ಶೆಮಿನ್ಸ್ಕಾ ಎಂಬ ವಿದುಷಿಯೊಡನೆ 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಪ್ರಯೋಗಗಳೇ ಇವೆ. ನಾಲ್ಕೈದು ವರ್ಷದ ಮಗುವಿನ ಕಣ್ಣು ನೀರಿನ ಎತ್ತರವನ್ನೇ ಹಿಡಿಯುವುದು. ಪಾತ್ರೆಯು ಸಪುರವಾದುದನ್ನು ಅದರೊಡನೆ ಕೂಡಿಸಿ ನೋಡಲಾರದು. ಸಾಮಾನ್ಯವಾಗಿ ಏಳೆಂಟು ವರ್ಷದ ಹೊತ್ತಿಗೆ, ಕೆಲವರಲ್ಲಿ ಮುಂಚೆಯೂ ಕೆಲವರಲ್ಲಿ ತಡವಾಗಿಯೂ, ಈ ತಿಳುವಳಿಕೆಯು ಮೂಡುವುದು. ನನ್ನ ಬಾಲಿಕೆಯು ತನ್ನ ಕಣ್ಣಿಗೆ ಕಂಡ ಸತ್ಯವನ್ನೇ ನುಡಿದಿದ್ದಳು.

ಆದಕಾರಣ ಈಗ ನಾವು ಸಂಖ್ಯೆಗಳಿಂದ ಆರಂಭಿಸುವುದಿಲ್ಲ. ಜಗಲಿಯ ಮೇಲೆ ನೀರಿನ ತೊಟ್ಟಿಯೊಂದನ್ನೂ ತಂಬಿಗೆ, ಲೋಟ, ಸೀಸೆ, ಆಲಿಕೆಗಳನ್ನೂ ಇಟ್ಟು ಮಕ್ಕಳನ್ನು ಬಿಡುವೆವು. (ಲಂಗಗಳು ನೆನೆಯುತ್ತವೆಯೆಂದು ದೂರು ಹೇಳುವ ತಾಯಂದಿರು ಕ್ಷಮಿಸಬೇಕು.) ಎರಡು ಪಾತ್ರೆಗಳಲ್ಲಿ ಯಾವುದು ಹೆಚ್ಚು ಹಿಡಿಸುವುದೆಂದು ಮೊದಲು ಊಹಿಸಬೇಕು, ಬಳಿಕ ಒಂದನ್ನು ತುಂಬಿ ಇನ್ನೊಂದಕ್ಕೆ ಸುರಿಯಬೇಕು. ಹೊರಚೆಲ್ಲಿದರೆ ಮೊದಲನೆಯದೇ ದೊಡ್ಡದು. ಸುರಿದ ನೀರನ್ನು ಹಿಂದಕ್ಕೆ ಸುರಿಯುವುದೂ ಮುಖ್ಯವಾದ ಪಾಠ. ಮೊದಲಿನ ಗುರುತಿಗೇ ನೀರು ಬಂದು ನಿಲ್ಲುವುದನ್ನು ಕಂಡಾಗ ಮಗುವಿನ ಮುಖವನ್ನು ನೋಡಬೇಕು.

ಅನಂತರ ಎಣಿಕೆ. ಒಬ್ಬಳು ತಂಬಿಗೆಯಲ್ಲಿ 8 ಬಟ್ಟಲು ನೀರಿದೆಯೆಂದರೆ, ಚಿಕ್ಕ ಬಟ್ಟಲನ್ನು ಹಿಡಿದ ಮತ್ತೊಬ್ಬಳು 12 ಎನ್ನುವಳು. ಈ ಜಗಳವನ್ನು ನಾವು ಬೇಗ ತೀರಿಸುವುದಿಲ್ಲ. ದೊಡ್ಡವರೂ ಹಿಂದೆ ಇದೇ ಜಗಳವನ್ನಾಡಿದವರು. ಪಾವು, ಚಟಾಕುಗಳ ಕಾಲದಲ್ಲಿ ಸೇರು ಎಲ್ಲ ಊರುಗಳಲ್ಲಿಯೂ ಒಂದೇ ಆಗಿರಲಿಲ್ಲ. ದೇಶಕ್ಕೆಲ್ಲ ಒಂದೇ ಅಳತೆಯಿರಬೇಕೆಂದು 1956ರಲ್ಲಿ ಕಾನೂನಾಯಿತು. ಜಗಳವಾಡಿದ ಮಗುವಿಗೆ ಲೀಟರು ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮೇಲಿನ ತರಗತಿಯವರು ಉದ್ದ, ಅಗಲ, ಎತ್ತರಗಳು 10 ಸೆಂಟಿಮೀಟರು ಇರುವ ಪೆಟ್ಟಿಗೆಯನ್ನು ರಟ್ಟಿನಿಂದ ಮಾಡಿ, ಒಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸುವರು. ಅರ್ಧ ಲೀಟರಿನ ಎರಡು ಪೊಟ್ಟಣದ ಹಾಲು ಆ ಪುಟ್ಟ ಪೆಟ್ಟಿಗೆಯಲ್ಲಿ ಅಡಗುವುದೆಂದರೆ ಮೊದಲು ಯಾರೂ ನಂಬುವುದಿಲ್ಲ. ಗೆರೆಯುಳ್ಳ ಪಾತ್ರೆಯನ್ನು ಸಮವಾದ ಮೇಜಿನ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ಓದಬೇಕು. ಮೇಲಿನಿಂದ ನೋಡಿದರೆ ಅಳತೆ ತಪ್ಪುವುದು.

ಇಂಥ ತಪ್ಪು ಹಾಲಿನಲ್ಲಿ ಸಹ್ಯ, ಔಷಧದಲ್ಲಿ ಅಪಾಯಕರ. ಮನೆಗಳಿಂದ ತಂದ ಚಮಚಗಳಿಂದ ನೀರನ್ನು ಅಳೆದು ನೋಡಿದಾಗ ಎರಡು ಸರಿಸಮವಾಗುವುದು ಅಪರೂಪ. ವೈದ್ಯರು 5 ಮಿಲಿಲೀಟರು ಎಂದು ಬರೆದಾಗ ಅಡಿಗೆಮನೆಯ ಚಮಚವನ್ನು ಹಿಡಿಯದೆ, ಔಷಧದೊಡನೆ ಬರುವ ಗೆರೆಯುಳ್ಳ ಬಟ್ಟಲಿನಿಂದಲೇ ಕೊಡತಕ್ಕದ್ದು. ದೊಡ್ಡ ಸಾರಿನ ಚಮಚವಾದರೆ 15 ಮಿಲಿಲೀಟರಿನಷ್ಟು ಹಿಡಿಯಬಹುದು. ಮಗುವಿಗೆ ಮೂರು ಪಾಲು ಔಷಧವಾಯಿತು.

ಜಗಲಿಯ ತೊಟ್ಟಿಗೆ ಬೇರೆ ಬೇರೆ ಆಕಾರದ ಪಾತ್ರೆಗಳು ಎಷ್ಟಿದ್ದರೂ ಸಾಲವು. ಉಪ್ಪಿನಕಾಯಿಯ ಜಾಡಿ, ಜೇನಿನ ಸೀಸೆ, ಕುತ್ತಿಗೆ ಸಪುರವಾದ ಡಬ್ಬಿ, ಏನಾದರೂ ಆಗಬಹುದು. ಗಾಜಿನದಾದರೆ ಅಂಚು ಒಡೆದಿರಬಾರದು. ತೊಳೆದು ಮಕ್ಕಳ ಕೈಯಲ್ಲಿ ಕಳುಹಿಸಿರಿ. ಔಷಧದ ಹಾಗೂ ಸೀಮೆಎಣ್ಣೆಯ ಸೀಸೆಗಳನ್ನು ಮಾತ್ರ ದಯವಿಟ್ಟು ಕಳುಹಿಸಬೇಡಿರಿ.