ಸೆಲ್ಫ್ ಹೊಡೆಯುವ ಮುಂಚೆ ಎರಡು ಸುತ್ತು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಳೆಯ ಕಾರು ಕೊಳ್ಳುವವರು ಟೈರ್ ನೋಡುತ್ತಾರೆ, ಹೊಗೆ ನೋಡುತ್ತಾರೆ, ಎಷ್ಟು ಓಡಿದೆ ಎಂದು ಮೀಟರ್ ನೋಡುತ್ತಾರೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎಂದು ಕೇಳುವವರು ಕಡಿಮೆ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು 40 ಕಿ.ಮೀ. ಸಂತೆಗೊಮ್ಮೆ, ಹುಣ್ಣಿಮೆಗೆ ಗಾಣಗಾಪುರಕ್ಕೊಮ್ಮೆ, ತೊಗರಿ ರಾಶಿ ಮುಗಿದ ಮೇಲೆ ಮದುವೆಗಳಿಗೆ ತೆಗೆಯುವ ಗಾಡಿಯ ಮೀಟರ್ ಮೆಲ್ಲಗೆ ಏರುತ್ತದೆ. ಬೆಲ್ಟಿನ ರಬ್ಬರಿಗೆ ಮಾತ್ರ ನಿಂತಲ್ಲೇ ವಯಸ್ಸಾಗುತ್ತದೆ. 43 ಡಿಗ್ರಿ ದಾಟುವ ಬೇಸಿಗೆ, ಎರೆಹೊಲದ ಧೂಳು, ಸೀಲಿನಿಂದ ಜಿನುಗುವ ಆಯಿಲ್ ಮೂರೂ ಸೇರಿ ಅದನ್ನು ತಿನ್ನುತ್ತವೆ. ಅದಕ್ಕೇ ಗಾಡಿಯ ಕೈಪಿಡಿ ಕಿಲೋಮೀಟರಿನ ಜತೆಗೆ ವರ್ಷವನ್ನೂ ಹೇಳುತ್ತದೆ. ವಯಸ್ಸು ಗೊತ್ತಿಲ್ಲದ ಬೆಲ್ಟನ್ನು ಬದಲಾಯಿಸಿಬಿಡುವುದೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ.

ಎಲ್ಲ ಗಾಡಿಗೂ ಈ ಬೆಲ್ಟ್ ಇರುವುದಿಲ್ಲ. ಜರ್ಮನಿಯ ಗ್ಲಾಸ್ 1004 ಕಾರು 1962ರಲ್ಲಿ ಇದನ್ನು ತಂದಿತು. ಅಲ್ಲಿಯವರೆಗೆ ಹೆಚ್ಚಾಗಿ ಚೈನ್ ಇಲ್ಲವೇ ಗೇರ್. ನಮ್ಮಲ್ಲಿ ಮಾರುತಿ 800, ಓಮ್ನಿ, ಹಳೆಯ ಸ್ಯಾಂಟ್ರೋ, ಡೀಸೆಲ್ ಇಂಡಿಕಾ ಬೆಲ್ಟಿನವು. ಸ್ವಿಫ್ಟ್ ಡೀಸೆಲ್ಲಿಗೆ ಚೈನ್.

ಪಿಸ್ಟನ್‌ಗಳಿಗೆ ಕೂಡಿದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ತೆರೆಯುವ ಕ್ಯಾಮ್ ಒಂದು ಸುತ್ತು. ಈ ಲೆಕ್ಕ ಕಾಯುವುದು ಬೆಲ್ಟಿನ ಹಲ್ಲು. ಒಂದು ಹಲ್ಲು ತಪ್ಪಿದರೂ ಪಿಕಪ್ ಹೋಗುತ್ತದೆ. ಡೀಸೆಲ್ ಗಾಡಿ ಓಡುತ್ತಿರುವಾಗ ಬೆಲ್ಟ್ ಹರಿದರೆ ಪಿಸ್ಟನ್ ಬಡಿದು ವಾಲ್ವ್ ಬೆಂಡಾಗುತ್ತವೆ, ಹೆಡ್ ಇಳಿಸಬೇಕಾಗುತ್ತದೆ.

ಮಾರುತಿ 800ರಂಥ ಸರಳ ಪೆಟ್ರೋಲ್ ಎಂಜಿನ್ ಆದರೆ ಪಾನಾ ಹಿಡಿದು ರೂಢಿಯಿರುವವರು ಮನೆಯಂಗಳದಲ್ಲೇ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿ ತಂತಿ ಬಿಚ್ಚಿರಬೇಕು. ಪ್ಲಗ್ ತೆಗೆದರೆ ಕ್ರ್ಯಾಂಕ್ ಕೈಗೆ ಹಗುರಾಗುತ್ತದೆ. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತ ಕ್ರ್ಯಾಂಕಿನ ಮಾರ್ಕನ್ನೂ ಕ್ಯಾಮಿನ ಮಾರ್ಕನ್ನೂ ಕೂಡಿಸಬೇಕು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸಡಿಲಿಸಿ ಹಳೆಯ ಬೆಲ್ಟ್ ತೆಗೆದ ಮೇಲೆ ಎರಡರಲ್ಲಿ ಯಾವುದೂ ಅಲುಗಬಾರದು. ಹೊಸ ಬೆಲ್ಟನ್ನು ಮಡಚಬೇಡಿ, ಆಯಿಲ್ ಕೈಯಲ್ಲಿ ಮುಟ್ಟಬೇಡಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿ ಕೂತು, ಇದ್ದ ಸಡಿಲೆಲ್ಲ ಟೆನ್ಷನರ್ ಕಡೆಗೇ ಉಳಿಯಬೇಕು.

ಬಿಗಿಯ ವಿಷಯದಲ್ಲಿ ಅವಸರ ಬೇಡ. ಬಿಗಿ ಹೆಚ್ಚಾದಷ್ಟೂ ಭದ್ರ ಎಂದು ಟೆನ್ಷನರ್ ಒತ್ತಿ ಕಟ್ಟುವವರಿದ್ದಾರೆ. ಹಾಗೆ ಕಟ್ಟಿದ ಬೆಲ್ಟ್ ಕುಯ್‌ಗುಟ್ಟುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಸಡಿಲವಾದರೆ ಹಲ್ಲು ಹಾರುತ್ತದೆ. ಈ ಎಂಜಿನ್ನಿನಲ್ಲಿ ಬಿಗಿ ಅಳೆದುಕೊಡಲು ಸ್ಪ್ರಿಂಗೇ ಇದೆ. ಟೆನ್ಷನರ್ ಬೋಲ್ಟ್ ಬಿಗಿಯದೆ ಪಾನಾದಿಂದ ಕ್ರ್ಯಾಂಕನ್ನು ಮೆಲ್ಲಗೆ ಎರಡು ಪೂರ್ತಿ ಸುತ್ತು ತಿರುಗಿಸಿದರೆ ಬೆಲ್ಟ್ ತನ್ನ ಜಾಗಕ್ಕೆ ಕೂರುತ್ತದೆ, ಸ್ಪ್ರಿಂಗ್ ಸಡಿಲನ್ನು ಎಳೆದುಕೊಳ್ಳುತ್ತದೆ. ಬೋಲ್ಟ್ ಬಿಗಿಯುವುದು ಆಮೇಲೆ. ಮನೆಯಲ್ಲಿ ಮಾಡಿದ ಕೆಲಸ ಉಳಿಯುವುದೋ ಕೆಡುವುದೋ ಈ ಎರಡು ಸುತ್ತಿನಲ್ಲೇ ತೀರ್ಮಾನವಾಗುತ್ತದೆ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಒಳಗೆ ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಸುತ್ತು ಮುಗಿದಾಗ ಮಾರ್ಕ್ ಕೂಡದಿದ್ದರೆ ಬೆಲ್ಟ್ ಬಿಚ್ಚಿ ಮೊದಲಿಂದ ಮಾಡಬೇಕು. ಸೆಲ್ಫ್ ಹೊಡೆದು ನೋಡೋಣ ಎನ್ನುವ ಮಾತೇ ಬೇಡ.

ಡೀಸೆಲ್ ಇಂಡಿಕಾದಲ್ಲಿ ಇಂಧನ ಪಂಪಿನ ಟೈಮಿಂಗೂ ಸೇರುತ್ತದೆ, ಅದನ್ನು ಪಳಗಿದ ಮಿಸ್ತ್ರಿಗೇ ಬಿಡುವುದು ಒಳ್ಳೆಯದು. ಬಳಿ ನಿಂತು, ಕವರ್ ಮುಚ್ಚುವ ಮುಂಚೆ ಎರಡು ಸುತ್ತಿನ ನಂತರದ ಮಾರ್ಕ್ ತೋರಿಸಿ ಎಂದು ಕೇಳಿ. ಟೆನ್ಷನರ್ ಬೇರಿಂಗನ್ನೂ ಅಂದೇ ಬದಲಾಯಿಸಿ. ತಾರೀಖು, ಮೀಟರಿನ ಅಂಕಿ ಎರಡನ್ನೂ ಬೆಲ್ಟ್ ಕವರಿನ ಮೇಲೆ ಪೇಂಟಿನಲ್ಲಿ ಬರೆಯಿಸಿ. ನಾಳೆ ಗಾಡಿ ಕೊಳ್ಳುವವರಿಗೆ ಬೇಕಾಗುತ್ತದೆ.