ಮುಂಗುಸಿ ಹೋದ ದ್ವೀಪ

ಮುಂಗುಸಿಯನ್ನು ಕಾಣದ ಕನ್ನಡಿಗರು ವಿರಳ. ಅದರ ದಾಯಾದಿಯೊಂದು ಯೂರೋಪಿಗೂ ಹೋಗಿದೆಯೆಂಬುದನ್ನು ಮಾತ್ರ ನಮ್ಮಲ್ಲಿ ಅನೇಕರು ಅರಿಯೆವು.

ಭೂಮಧ್ಯ ಸಮುದ್ರದ ಒಂದು ತೋಳು ಆಡ್ರಿಯಾಟಿಕ್. ಅಲ್ಲಿ ಕ್ರೊಯೇಷಿಯಾ ದೇಶಕ್ಕೆ ಸೇರಿದ ಮ್ಲ್ಯೆತ್ ಎಂಬ ದ್ವೀಪವಿದೆ. ಅದರ ಪಡುವಣ ಭಾಗವನ್ನು 1960ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಪೈನ್ ಮತ್ತು ಓಕ್ ಮರಗಳ ಕಾಡಿನ ನಡುವೆ ಎರಡು ಸರೋವರಗಳು. ಹೆಸರಿಗೆ ಸರೋವರ, ಕಿರಿದಾದ ಕಾಲುವೆಯಿಂದ ಕಡಲು ಒಳಬರುವುದರಿಂದ ನೀರೆಲ್ಲ ಉಪ್ಪು. ದೊಡ್ಡ ಸರೋವರದ ನಡುಗಡ್ಡೆಯಲ್ಲಿ ಕ್ರೈಸ್ತ ಸಂನ್ಯಾಸಿಗಳು 12ನೆಯ ಶತಮಾನದಲ್ಲಿ ಕಟ್ಟಿದ ಮಠವುಂಟು.

ಹಿಂದೆ ಇಲ್ಲಿ ವಿಷದ ಹಾವುಗಳ ಕಾಟ ಬಹಳ. ನಮ್ಮ ಕೊಳಕುಮಂಡಲದ ಬಳಗದವು. ಮೂಗಿನ ಮೇಲೊಂದು ಪುಟ್ಟ ಕೊಂಬು. ಅವನ್ನು ಅಡಗಿಸಲು 1910ರಲ್ಲಿ ಭಾರತ ಮೂಲದ ಸಣ್ಣ ಜಾತಿಯ ಮುಂಗುಸಿಗಳನ್ನು ತಂದು ಬಿಟ್ಟರು. ಹಾವುಗಳು ಕಡಿಮೆಯಾದವು, ಜನರಿಗೆ ನೆಮ್ಮದಿಯಾಯಿತು. ಆದರೆ ಹಾವು ಮುಗಿದರೆ ಹಸಿವು ಮುಗಿಯುವುದೇ? ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಮೊಟ್ಟೆ, ಹಲ್ಲಿ, ಸಾಕಿದ ಕೋಳಿ ಎಲ್ಲಕ್ಕೂ ಮುಂಗುಸಿ ಬಾಯಿ ಹಾಕಿತು. ರಕ್ಷಕನೆಂದು ಬಂದದ್ದು ಪೀಡೆಯೆನಿಸಿತು.

ಅದು ತಾನಾಗಿ ಹಡಗು ಹತ್ತಿದ್ದಲ್ಲ. ಕೆಲಸಕ್ಕೆಂದು ಒಯ್ದವರು ಮನುಷ್ಯರು. ಊರು ಬಿಟ್ಟು ದುಡಿಯುವ ನಮಗೆ ಅದರ ಮೇಲೆ ಕೊಂಚ ಮರುಕವೂ ಹುಟ್ಟುತ್ತದೆ. ಕಾಡನ್ನು ಕಾಯುವುದೆಂದರೆ ಬೇಲಿ ಹಾಕುವುದಷ್ಟೇ ಅಲ್ಲ. ಒಳಗೆ ಏನನ್ನಾದರೂ ಬಿಡುವ ಮುನ್ನ ಮುಂದಿನದನ್ನು ಯೋಚಿಸುವುದೂ ಹೌದು.