ತಾಮ್ರದಲ್ಲಿ ಕೊರೆದ ಊರು, ಬಂಡೆಯಲ್ಲಿ ಕೊರೆದ ಮಾತು

ಶ್ರೀರಂಗಪಟ್ಟಣದ ಪ್ರಾಚೀನ ಮುದ್ರಿತ ಚಿತ್ರಗಳನ್ನು ಸಂಗ್ರಹಿಸುವ ಅಭಿರುಚಿಯು ಶ್ಲಾಘ್ಯವೇ ಸರಿ. ಆದರೆ ಆ ನೋಟವು ಯಾರ ಕಣ್ಣಿನದೆಂಬುದನ್ನು ವಾಚಕರು ಮರೆಯಲಾಗದು. 1791-92ರ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನೊಡನೆ ಬಂದ ರಾಬರ್ಟ್ ಹೋಮನೆಂಬ ಚಿತ್ರಕಾರನು ಬರೆದ ಮೈಸೂರು ಸೀಮೆಯ ದೃಶ್ಯಗಳು ತಾಮ್ರದ ತಗಡಿನಲ್ಲಿ ಕೊರೆಯಲ್ಪಟ್ಟು, 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ಕಾವೇರಿಯಲ್ಲಿ ಮಿಂದು ಆದಿರಂಗನಿಗೆ ಕೈಮುಗಿಯುವ ಯಾತ್ರಿಕನಿಗೆ ಪುಣ್ಯಕ್ಷೇತ್ರವಾದ ಊರು, ಮುತ್ತಿಗೆ ಹಾಕಿದವರಿಗೆ ಗೆಲ್ಲಬೇಕಾದ ಕೋಟೆಯಾಗಿದ್ದಿತು. ಚಿತ್ರವು ಸುಳ್ಳೆಂದು ನಾವು ಹೇಳುವುದಿಲ್ಲ. ಅದು ಹೇಳುವುದು ಅರ್ಧವೆಂದಷ್ಟೇ ನಮ್ಮ ಅಭಿಪ್ರಾಯ.

ಪರರು ತಾಮ್ರದಲ್ಲಿ ಕೊರೆದುದನ್ನು ನೋಡುವವರು ನಮ್ಮ ನೆಲದ ಬಂಡೆಗಳಲ್ಲಿ ಕೊರೆದುದನ್ನೂ ಓದಬೇಕು. ಈ ವಿಷಯದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರು ಭಾಗ್ಯಶಾಲಿಗಳು. 1892ರಲ್ಲಿ ಬಿ. ಎಲ್. ರೈಸರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ಇಸಿಲದ ಮಹಾಮಾತ್ರರಿಗೆ, ಎಂದರೆ ಅಂದಿನ ಅಧಿಕಾರಿಗಳಿಗೆ, ಕಳುಹಿಸಿದ ಆಜ್ಞೆ. ತಾಯಿತಂದೆಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ಅದು ವಿಧಿಸುತ್ತದೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಅಲ್ಲಿದೆ. ಊರಿನ ಚಿತ್ರವು ಅಲ್ಲಿಲ್ಲದಿದ್ದರೂ, ಊರವರು ಬಾಳಬೇಕಾದ ರೀತಿ ಅಲ್ಲಿದೆ.

ಆದುದರಿಂದ ಹಳೆಯ ಚಿತ್ರಕ್ಕೆ ಕನ್ನಡಿಯ ಕಟ್ಟು ಹಾಕಿಸುವ ಮಹನೀಯರು ತಮ್ಮ ಮಕ್ಕಳನ್ನೊಮ್ಮೆ ಬ್ರಹ್ಮಗಿರಿಗೂ ಕರೆದೊಯ್ಯಲಿ. ಅನ್ಯರು ನಮ್ಮನ್ನು ಕಂಡ ಬಗೆಯನ್ನು ತಿಳಿಯುವುದು ಒಳ್ಳೆಯದೇ. ಮನೆಯ ಬಾಗಿಲಲ್ಲಿರುವ ಬಂಡೆಯ ಮಾತನ್ನು ಅರಿಯದಿರುವುದು ಮಾತ್ರ ನಮಗೆ ಶೋಭಿಸದು.